ವರ್ಷ ಮೊದಲು, ದಿನ ಕೊನೆಗೆ: ಡಾ. ಸುಗಂಧಿ ಅವರ ಹಟ

ಕ್ಲಾಂಗ್‌ನ ನಮ್ಮ ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗವನ್ನು ಕಟ್ಟಿ ಬೆಳೆಸಿ ಇಂದು ನಿವೃತ್ತರಾಗುತ್ತಿರುವವರು ಡಾ. ಸುಗಂಧಿ ಅವರು. ಮಣಿಪಾಲದಿಂದ ಈ ಮಲೇಷ್ಯಾಕ್ಕೆ ಬಂದು ಎರಡು ದಶಕ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಎಷ್ಟೋ ವಿದ್ಯಾರ್ಥಿಗಳನ್ನು ತಿದ್ದಿ ತೀಡಿದ ಇಂಥವರಿಗೆ ಕೊನೆಗೆ ಉಳಿದ ಹೆಸರೇನು? 'ತಾರೀಖಿನ ಮೇಡಂ'! ಅಯ್ಯೋ, ಅದಕ್ಕೆ ಕಾರಣರು ನಾವೇ.

2016ರಲ್ಲಿ, ಬಂದರಿನ ಸರಕು ಕಚೇರಿಯೊಂದರಲ್ಲಿದ್ದ ಕುಂದಾಪುರದ ಚಂಪಾ ಅವರು ಕುತ್ತಿಗೆಯ ಗಡ್ಡೆಗೆಂದು ನಮ್ಮಲ್ಲಿಗೆ ಬಂದರು. ಕ್ಯಾನ್ಸರಿನ ಸಂಶಯವಿದೆಯೆಂದು ನಮ್ಮ ಪ್ರಯೋಗಾಲಯ ಜೂನ್ ಐದರಂದು ವರದಿ ಕೊಟ್ಟಿತು, ತಾರೀಖು 05/06. ಸುಗಂಧಿ ಅವರಿಗೆ ಸಮಾಧಾನವಾಗಲಿಲ್ಲ. ಅದೇ ಮಾದರಿಯನ್ನು ಅಮೆರಿಕದ ಪ್ರಯೋಗಾಲಯವೊಂದಕ್ಕೆ ಕಳಿಸಿದರು. ಕ್ಯಾನ್ಸರ್ ಇಲ್ಲವೆಂಬ ಉತ್ತರ ಜುಲೈ ಮೂರರಂದು ಬಂತು; ಅಲ್ಲಿಯವರು ತಿಂಗಳು ಮೊದಲು ಬರೆಯುವವರಾದ್ದರಿಂದ ಅದರ ಮೇಲಿದ್ದದ್ದು 07/03. ನಮ್ಮ ಶಸ್ತ್ರವೈದ್ಯರು ಅದನ್ನು ಮಾರ್ಚ್ ಏಳು ಎಂದು ಓದಿದರು. ಮಾರ್ಚಿನಲ್ಲಿ ಇಲ್ಲದ ರೋಗ ಜೂನಿನಲ್ಲಿ ಬಂದಿದೆಯೆಂದು ತೀರ್ಮಾನಿಸಿ ಥೈರಾಯ್ಡ್ ಗ್ರಂಥಿಯನ್ನೇ ತೆಗೆಯಲು ಸಿದ್ಧರಾದರು!

ಚಂಪಾ ಅವರನ್ನು ಸ್ಟ್ರೆಚರ್ ಮೇಲೆ ಮಲಗಿಸಿಯಾದ ಮೇಲೆ ಸುಗಂಧಿ ಅವರಿಗೆ ಸುದ್ದಿ ಮುಟ್ಟಿತು. "ಮಾರ್ಚಲ್ಲಿ ಇವಳು ನಮ್ಮ ಆಸ್ಪತ್ರೆ ಮೆಟ್ಟಿಲೇ ಹತ್ತಿರಲಿಲ್ಲ ಮಾರಾಯ್ರೇ!" ಎಂದು ಅವರು ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು. ಸ್ಟ್ರೆಚರ್ ವಾರ್ಡಿಗೆ ಮರಳಿತು. ಚಂಪಾ ಅವರ ಕೈ ಹಿಡಿದು ಸಂಜೆಯವರೆಗೆ ಪಕ್ಕದಲ್ಲಿ ಕುಳಿತವರೂ ಅವರೇ.

ಆಮೇಲೆ ಶುರುವಾಯಿತು ಸಮಿತಿಗಳ ಕಾಟ. ತಿಂಗಳನ್ನು ಅಕ್ಷರದಲ್ಲಿ ಬರೆದರಾಯಿತಲ್ಲ ಎಂದರು ಕೆಲವರು. ಮಲಯ ಭಾಷೆಯ 'ಓಗೋಸ್' ಅಂದರೆ ಆಗಸ್ಟ್ ಎಂದು ಹೊರದೇಶದವರಿಗೆ ಹೇಗೆ ತಿಳಿಯಬೇಕು ಎಂದು ಸುಗಂಧಿ ಅವರು ಕೇಳಿದರು. ನಾಲ್ಕಂಕಿಯ ವರ್ಷ ಮೊದಲು, ನಂತರ ತಿಂಗಳು, ಕೊನೆಗೆ ದಿನ: 2016-07-03. ಇಷ್ಟನ್ನು ಒಪ್ಪಿಸಲು ವರ್ಷಗಟ್ಟಲೆ ಗಂಟಲು ಹರಿದುಕೊಳ್ಳಬೇಕಾಯಿತು. "ಎಲ್ಲರಿಗೂ ಅರ್ಥ ಆಗುತ್ತೆ ಲಾ, ಮೇಡಂ" ಎಂದು ಇಲ್ಲಿಯ ಮಾತಿನ ರೂಢಿಯಂತೆ 'ಲಾ' ಸೇರಿಸಿ ಹೇಳುತ್ತಿದ್ದರು ಆಡಳಿತ ಕಚೇರಿಯ ಉಲ್ಲಾಸ್.

"ಆಗುತ್ತೆ ಉಲ್ಲಾಸ್, ಒಬ್ಬೊಬ್ಬರಿಗೆ ಒಂದೊಂದು ಅರ್ಥ!"

ಅಂತೂ ವರದಿಗಳು ಸರಿಹೋದವು. ನಾವು ಸರಿಹೋದೆವೇ? ಈ ಬೀಳ್ಕೊಡುಗೆಯ ಆಮಂತ್ರಣ ಅಚ್ಚು ಹಾಕಿಸಿದವರು ಅದೇ ಉಲ್ಲಾಸ್, ತಾರೀಖು 07/08! ಸುಗಂಧಿ ಅವರು ಹಣೆ ಚಚ್ಚಿಕೊಂಡರು. ಇಷ್ಟು ವರ್ಷ ಹೇಳಿದ್ದೆಲ್ಲ ಗಾಳಿಗೆ ಹೋಯಿತೆಂದು ನೊಂದು, ಸಮಾರಂಭಕ್ಕೇ ಬರುವುದಿಲ್ಲ ಎಂದು ಕುಳಿತುಬಿಟ್ಟರು. ಆಗ ಚಂಪಾ ಅವರ ಫೋನು ಬಂತು.

"ಡಾಕ್ಟ್ರೇ, ಜುಲೈಯಾ, ಆಗಸ್ಟಾ? ನೀವೇ ಹೇಳಿ ಲಾ. ಕೇಳದೆ ನಾನು ಹೊರಡೂದಿಲ್ಲ."

ಕಾರ್ಡು ಕೈಸೇರಿದ ಅಷ್ಟೂ ಜನರಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಹಟ ಹಿಡಿದು ಕುಳಿತಿದ್ದ ಸುಗಂಧಿ ಅವರು ಎದ್ದು ನಿಂತರು.

"ಆಗಸ್ಟ್ ಏಳು ಮಾರಾಯ್ತಿ. ಬಾ, ನಾನೂ ಬರ್ತೇನೆ."

ಡಾ. ಸುಗಂಧಿ ಅವರು ಬಹುಕಾಲ ಆರೋಗ್ಯದಿಂದ ಬಾಳಲಿ, ಪಾಠ ಹೇಳುತ್ತಲೂ ನಮ್ಮ ಮೇಲೆ ರೇಗುತ್ತಲೂ ಇರಲಿ. ಅವರ ನೂರನೆಯ ಹುಟ್ಟುಹಬ್ಬದ ಆಮಂತ್ರಣವನ್ನು ಮಾತ್ರ ದಯವಿಟ್ಟು ಯಾರೂ ಉಲ್ಲಾಸ್ ಅವರ ಕೈಗೆ ಕೊಡಬೇಡಿ. ಚಂಪಾ ಅವರು ಬರೆಯಲಿ.