ಪ್ಲಂಬಿಂಗ್ ಕೋರ್ಸ್ ವಿಚಾರಿಸುವ ಹೆಡ್‌ಕ್ಲರ್ಕ್

ಆಫೀಸು ಮುಚ್ಚುತ್ತದೆಂಬ ಸುದ್ದಿ ಬಂದಂದಿನಿಂದ ನಮ್ಮ ಹೆಡ್‌ಕ್ಲರ್ಕ್ ಊಟ ಬಿಟ್ಟಾದರೂ ಸರಿ, ಮಧ್ಯಾಹ್ನ ಮೆಟ್ಟಿಲ ಕೆಳಗೆ ನಿಂತು ಪ್ಲಂಬಿಂಗ್ ತರಬೇತಿ ಕೇಂದ್ರಕ್ಕೆ ಫೋನ್ ಮಾಡುತ್ತಾರೆ. “ಮೂರೇ ವಾರದ ಕೋರ್ಸಾ? ಐವತ್ತು ದಾಟಿದವರನ್ನೂ ಸೇರಿಸ್ಕೋತೀರಾ?” ಎಂದು ಪಿಸುಗುಟ್ಟುವಾಗ ಯಾರಾದರೂ ಬಂದರೆ, “ತಂಗಿ ಮಗನಿಗೆ ವಿಚಾರಿಸ್ತಿದ್ದೆ” ಎನ್ನುತ್ತಾರೆ; ಅವರಿಗೆ ತಂಗಿಯೇ ಇಲ್ಲ. ಆಫೀಸಿನ ಸೋರುವ ನಲ್ಲಿಯನ್ನು ಬಾಗಿಲು ಹಾಕಿಕೊಂಡು ತಾವೇ ಸರಿಮಾಡಿ, ಅಂಗಿಯ ತೋಳೆಲ್ಲ ಒದ್ದೆಯಾಗಿ ಹೊರಬಂದು, “ತಾನಾಗೇ ನಿಂತ್ಹೋಯ್ತು” ಎಂದ ಮಹಾನುಭಾವರು. ಆ ಕೈಚಳಕ ಎಲ್ಲಿಂದ ಬಂತೆಂದು ನಮಗೆಲ್ಲ ಬೆರಗು. ನಿನ್ನೆ ಧೈರ್ಯಕ್ಕೆಂದು ನನ್ನನ್ನೂ ಕೇಂದ್ರಕ್ಕೆ ಕರೆದೊಯ್ದರು. ಅರ್ಜಿ ತುಂಬುತ್ತಿದ್ದ ಮೇಷ್ಟ್ರು, “ಮನೇಲಿ ಯಾರಾದ್ರೂ ಈ ಕೆಲಸ ಮಾಡಿದ್ದಾರಾ ಸರ್?” ಎಂದು ಕೇಳಿದರು. “ಛೆ, ಯಾರೂ ಇಲ್ಲ” ಎಂದು ಇವರು ಥಟ್ಟನೆ ಹೇಳಿಬಿಟ್ಟರು. ಹೊರಗೆ ಬಂದ ಮೇಲೆ ಗೇಟು ಹಿಡಿದು ನಿಂತರು. “ನಮ್ಮಪ್ಪ ಪ್ಲಂಬರ್ ಕಣಯ್ಯ. ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ಅವರು. ಒಂದ್ಸಲ ನಮ್ಮ ಶಾಲೆಗೆ ಪೈಪ್ ಹಾಕೋಕೆ ಬಂದಾಗ, ಇವರು ಯಾರೋ ನಂಗೊತ್ತಿಲ್ಲ ಅಂದಿದ್ದೆ, ಅವರೆದುರಿಗೇ” ಎಂದರು. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಅರ್ಜಿ ತಿದ್ದಿಸಲು ಒಬ್ಬರೇ ಒಳಗೆ ಹೋದರು.