ಹೂವು ಮುಡಿದ ತ್ರೀ ನಾಟ್ ತ್ರೀ

ಮಧುಗಿರಿಯ ನಮ್ಮ ಖಜಾನೆ ಕಚೇರಿಯ ಕಾವಲಿಗೆ ಇದ್ದದ್ದು ಒಂದು ತ್ರೀ ನಾಟ್ ತ್ರೀ ರೈಫಲ್. ಬ್ರಿಟಿಷರ ಕಾಲದ ಮಾದರಿ. ಒಂದು ಗುಂಡು ಹಾರಿದ ಮೇಲೆ ಕೈಯಿಂದ ಬೋಲ್ಟ್ ಎಳೆದು ತಳ್ಳಿದರೇ ಮುಂದಿನ ಗುಂಡು ಒಳಗೆ ಹೋಗುವುದು. ಸೈನ್ಯ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೊಸ ಬಂದೂಕುಗಳು ಪಾವಗಡದ ಗಡಿ ಠಾಣೆಗಳಿಗೆ ಹೋದವು, ಇದು ನಮ್ಮಲ್ಲೇ ಉಳಿಯಿತು.

ನಾನು ಅಲ್ಲಿ ಗುಮಾಸ್ತೆ. ಹೊಳವನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕಾವಲಿಗೆ ಇಬ್ಬರು ಪೊಲೀಸರು ಪಾಳಿಯಲ್ಲಿ ಬರುತ್ತಿದ್ದರು. ಒಬ್ಬರು ಐ.ಡಿ.ಹಳ್ಳಿಯ ದಫೇದಾರರು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಇನ್ನೊಬ್ಬ ಶಿರಾದ ಪೇದೆ, ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಪಾಳಿ ಬದಲಾಗುವಾಗ ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ಇಬ್ಬರೂ ನೋಡಿ, ಆಮೇಲೆ ರೈಫಲ್ ಕೈ ಬದಲಾಗಬೇಕು. ನನ್ನ ಮೇಜಿಗೆ ಆ ಸದ್ದು ಪ್ರತಿದಿನ ಕೇಳುತ್ತಿತ್ತು.

ಆಯುಧಪೂಜೆಗೆ ರಜೆ ಇರುವುದರಿಂದ ಕಚೇರಿಯ ಪೂಜೆ ಹಿಂದಿನ ದಿನವೇ ನಡೆಯಿತು. ಬೆಳಿಗ್ಗೆ ಪಾಳಿ ಬದಲಾಗುವ ಮೊದಲೇ ದಫೇದಾರರು ರೈಫಲನ್ನು ಮಣೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ವಿಭೂತಿ ಬಳಿದರು, ಬೋಲ್ಟಿನ ಮೇಲೆ ಕುಂಕುಮ ಇಟ್ಟರು, ನಳಿಗೆಗೆ ಚೆಂಡುಹೂವಿನ ಹಾರ ಹಾಕಿದರು. ರಾತ್ರಿ ಪಾಳಿ ಮುಗಿಸಿ ಊರಿಗೆ ಹೊರಟಿದ್ದ ಪೇದೆ ನೋಡಿ ನಕ್ಕ.

"ಅಜ್ಜಿಗೆ ಹೂವ ಜಾಸ್ತಿ ಆಯ್ತು ದಫೇದಾರ್ರೇ. ಮದ್ವೆ ಮಾಡಿ ಕಳಿಸ್ತೀರಾ ಹೆಂಗೆ?"

"ಸುಮ್ಕಿರ್ಲಾ. ನಿಮ್ಮಪ್ಪ ಹುಟ್ಟೋಕ್ ಮುಂಚಿಂದ ಡ್ಯೂಟಿ ಮಾಡ್ತಾವ್ಳೆ ಈಯಮ್ಮ. ನೀನು ಹೊಂಡು, ಬಸ್ ಹೋಯ್ತದೆ."

ಪೂಜೆಗೆ ಇಟ್ಟ ಆಯುಧವನ್ನು ದಶಮಿ ಕಳೆಯುವ ತನಕ ಕದಲಿಸಬಾರದು ಎನ್ನುವುದು ನಮ್ಮ ಕಡೆಯ ನಡಾವಳಿ. ನಮ್ಮ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ ಕೂಡ ಹಾಗೇ ಇರುತ್ತವೆ. ಆ ದಿನ ಯಾರೂ ಬೋಲ್ಟ್ ತೆರೆಯಲಿಲ್ಲ. ಪೇದೆ ಕೈ ತೋರಿಸಿ "ಅಲ್ಲೈತೆ" ಎಂದ, ದಫೇದಾರರು "ಹೂಂ" ಎಂದರು. ಪೇದೆ ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ರಜೆಯುದ್ದಕ್ಕೂ ದಫೇದಾರರೊಬ್ಬರೇ ಲಾಠಿ ಹಿಡಿದು ಕಾವಲು ಕಾದರು.

ರಜೆ ಕಳೆದ ಬೆಳಿಗ್ಗೆ ನಾನು ಬೇಗ ಬಂದೆ. ದಫೇದಾರರು ರೈಫಲಿನ ಹಾರ ತೆಗೆಯುತ್ತಿದ್ದರು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಮುಳ್ಳಿಗೆ ದಾರ ಸಿಕ್ಕಿಕೊಂಡಿತ್ತು. ಎರಡೂ ಕೈಯಿಂದ ಎಳೆದರು. ರೈಫಲಿನ ಬುಡ ಮಣೆಯಿಂದ ಜಾರಿ ಕಲ್ಲುನೆಲಕ್ಕೆ ಬಡಿಯಿತು. ಗುಂಡು ಹಾರಿತು.

ಶಬ್ದ ನೆನಪಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದದ್ದು ನೆನಪಿದೆ. ಚಾವಣಿಯ ಗಾರೆ ಅವರ ಟೋಪಿಯ ಮೇಲೆ ಉದುರುತ್ತಿತ್ತು. ಹರಿದ ಹಾರ ಇನ್ನೂ ಅವರ ಎರಡೂ ಮುಷ್ಟಿಗಳಲ್ಲಿತ್ತು. ಅವರ ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾರೆಂದು ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು: "ನಿಮ್ಗೇನೂ ಆಗಿಲ್ಲ ಅಲ್ವೇನಮ್ಮಾ?"

ಮಧ್ಯಾಹ್ನ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಊರಿನಿಂದ ಪೇದೆಯನ್ನೂ ಕರೆಸಿದ್ದರು. ದಫೇದಾರರ ಬೆರಳು ರೈಫಲಿನ ಕುದುರೆಯ, ಅಂದರೆ ಟ್ರಿಗರಿನ, ಮೇಲಿತ್ತು ಎಂದಾದರೆ ಅಮಾನತು ಖಂಡಿತ. ಪಿಂಚಣಿಯೂ ನಿಲ್ಲುತ್ತಿತ್ತು. ಕಂಡವಳು ನಾನೊಬ್ಬಳೇ.

"ಎರಡೂ ಕೈ ಹಾರದ ಮೇಲೆ ಇದ್ದವು ಸಾರ್," ಎಂದೆ.

"ಪಾಪ ಅಂತ ಹೇಳ್ತಿಲ್ಲ ತಾನೆ?"

"ಇಲ್ಲ ಸಾರ್. ಕಂಡಿದ್ದು ಹೇಳ್ತಿದೀನಿ."

"ಸರಿ. ಪಾಳಿ ಬದಲಾದಾಗ ಬೋಲ್ಟ್ ತೆಗೆದು ನೋಡಿದ್ರಾ ಇವರು?"

ದಫೇದಾರರು ನನ್ನನ್ನೇ ನೋಡುತ್ತಿದ್ದರು. ನನ್ನ ಮೊದಲ ಮಾತನ್ನು ನಂಬಿ ಎಂದು ಅಧಿಕಾರಿಯನ್ನು ಕೇಳಿ, ಎರಡನೆಯದನ್ನು ನುಂಗಿಕೊಳ್ಳಲು ನನಗೆ ಆಗಲಿಲ್ಲ. "ಇಲ್ಲ. ಪೂಜೆ ಆಗಿತ್ತು," ಎಂದೆ.

ಆಗ ಪೇದೆ ತಾನಾಗಿಯೇ ಮುಂದೆ ಬಂದ. "ಪೂಜೆ ದಿನ ಬೆಳಗಿನ ಜಾವ ಬೆಟ್ಟದಿಂದ ಕರಡಿ ಇಳಿದಿತ್ತು ಸಾರ್, ಕಾಂಪೌಂಡ್ ಒಳಕ್ಕೇ ಬಂತು. ಕಸ ಗುಡಿಸೋ ಅಮ್ಮ ಬರೋ ಹೊತ್ತು. ಅದ್ಕೇ ಲೋಡ್ ಮಾಡ್ದೆ. ಅದು ಹೊಂಟೋಯ್ತು. ತೆಗೆಯೋದು ಮರ್ತುಬುಟ್ಟೆ."

ಅಧಿಕಾರಿ ಖಾಲಿ ರೈಫಲ್ ತೆಗೆದುಕೊಂಡರು. ಬೋಲ್ಟ್ ಎಳೆದು ಮುಚ್ಚಿ, ಕುದುರೆ ಮುಟ್ಟದೆ, ಬುಡವನ್ನು ನೆಲಕ್ಕೆ ಕುಟ್ಟಿದರು. ಏನೂ ಆಗಲಿಲ್ಲ. ಮತ್ತೆ ಕುಟ್ಟಿದರು. ಟಕ್ ಎಂದಿತು. ಗುಂಡು ಸಿಡಿಸುವ ಮೊಳೆಯನ್ನು ತಡೆದು ಹಿಡಿಯುವ ಒಳಗಿನ ಕೊಕ್ಕೆ ಸವೆದುಹೋಗಿತ್ತು. ಅದು ಇನ್ನೆಷ್ಟು ಹಬ್ಬಗಳಿಂದ ಹಾಗಿತ್ತೋ.

ರೈಫಲನ್ನು ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಹೋದರು. ಎಚ್ಚರಿಕೆಯ ಪತ್ರವೊಂದು ಬಂದದ್ದು ಬಿಟ್ಟರೆ ದಫೇದಾರರಿಗೆ ಏನೂ ಆಗಲಿಲ್ಲ. ಪಿಂಚಣಿ ಉಳಿಯಿತು. ಪೇದೆಯ ಒಂದು ವೇತನ ಬಡ್ತಿ ತಡೆದು ಪಾವಗಡದ ಆಚೆ ಆಂಧ್ರದ ಗಡಿಯ ಠಾಣೆಗೆ ವರ್ಗ ಮಾಡಿದರು.

ಅವನು ಹೊರಟ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಪಕ್ಕದಲ್ಲಿ ಹೆಂಡತಿ, ಕಾಲಬಳಿ ಟ್ರಂಕು. ನನ್ನ ಮಾತಿನಿಂದ ಒಬ್ಬರು ಉಳಿದಿದ್ದರು, ಅದೇ ಮಾತು ಇವನನ್ನು ಊರಿನಿಂದ ಎಬ್ಬಿಸಿ ಇಲ್ಲಿ ತಂದು ನಿಲ್ಲಿಸಿತ್ತು.

"ಯಾಕ್ ಮೇಡಂ ಮುಖ ಇಂಗ್ ಮಾಡ್ಕಂಡಿದೀರ? ತೆಲುಗು ಕಲೀಬೇಕು, ಅಷ್ಟೇಯ," ಎಂದು ನಕ್ಕ. ಅವನ ಹೆಂಡತಿ ನಗಲಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. ಬಸ್ಸು ಬಂತು. ಅವನು ಟ್ರಂಕಿನ ಒಂದು ಹಿಡಿ ಹಿಡಿದ, ಇನ್ನೊಂದಕ್ಕೆ ನಾನು ಕೈ ಹಾಕಲು ಹೋದೆ. ಅಷ್ಟರಲ್ಲಿ ಅವಳೇ ಎತ್ತಿಕೊಂಡಳು.