ರೊಂಡಾ ಮೇಬ್ರಿಯ ಉಸಿರು ಕಾಯ್ದ ಗುರು

ಹಾಡು ಇನ್ನೂ ನಡೆಯುತ್ತಿದ್ದಂತೆಯೇ ಒಡೆಲ್ ಪೆಟ್‌ವೇ ಅವರು ಎದ್ದು ಹೋಗಿ ರೆಕಾರ್ಡಿನ ಮೇಲಿನ ಸೂಜಿ ಎತ್ತಿಬಿಟ್ಟರು. ಅವರ ನಿವೃತ್ತಿಗೆಂದು ಕ್ವೀನ್ಸ್‌ನ ಕಾಲೇಜಿನಲ್ಲಿ ನೆರೆದಿದ್ದ ಸಭೆ ಅವರತ್ತ ತಿರುಗಿತು.

"ರೊಂಡಾ ಎಲ್ಲಿ?" ಎಂದು ಕೇಳಿದರು.

ಧ್ವನಿಮುದ್ರಣ ಕಲಿಸುವುದರಲ್ಲಿ ಪೆಟ್‌ವೇ ಅವರಿಗೆ ಸಮನಾದವರು ಈ ನಗರದಲ್ಲಿ ವಿರಳ. ಅದಕ್ಕೂ ಮೊದಲು ಅವರು 'ಲಾಸ್ಟ್ ಸ್ಟಾಪ್ ಅಸೆಂಬ್ಲಿ' ಎಂಬ ಹಿಪ್‌ಹಾಪ್ ತಂಡದ ಅರ್ಧ. ಇನ್ನರ್ಧ ರೊಂಡಾ ಮೇಬ್ರಿ. ಮೊದಲ ಆಲ್ಬಮ್ಮಿಗೆ ಊರೆಲ್ಲ ಕುಣಿಯಿತು. ಎರಡನೆಯದಾದ 'ಕೋಲ್ಡ್ ಸ್ಟೂಪ್' ರೊಂಡಾರ ಅಡುಗೆಮನೆಯಲ್ಲಿ ಹುಟ್ಟಿತು. ಹಳೆಯ ರೆಕಾರ್ಡಿನಿಂದ ತುಣುಕು ಎತ್ತಿ ಹೊಸ ಹಾಡು ಕಟ್ಟುವವರು, ಅದು ಯಾರದೆಂದು ಎದುರಾಳಿಗಳಿಗೆ ತಿಳಿಯದಿರಲೆಂದು, ಅದರ ಹೆಸರಿನ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೀಳುವುದು ಆಗಿನ ರೂಢಿ. ಹೀಗೆ ಮುಚ್ಚಿಡುವುದರಲ್ಲಿ ಪಳಗಿದ್ದ ಪೆಟ್‌ವೇ ಒಂದನ್ನು ಮಾತ್ರ ಮುಚ್ಚಲಿಲ್ಲ: ಉಬ್ಬಸವಿದ್ದ ರೊಂಡಾ ಸಾಲುಗಳ ನಡುವೆ ಎಳೆದುಕೊಳ್ಳುತ್ತಿದ್ದ ಉಸಿರು. ತಾಳವನ್ನು ಅದರ ಮೇಲೆಯೇ ಕಟ್ಟಿದರು.

"ಅದನ್ನ ಕತ್ತರಿಸಿದ್ಯೋ, ನಿನ್ನ ಬೆರಳು ಕತ್ತರಿಸ್ತೀನಿ ಕಣೋ," ಎಂದಿದ್ದರಂತೆ ರೊಂಡಾ.

'ಮೆಟ್ಟಿಲು ಹತ್ತಿ ಸುಸ್ತಾದ ಹೆಂಗಸಿನ ಏದುಸಿರು' ಎಂದು ವಿಮರ್ಶಕ ಗ್ಯಾರಿಸನ್ ಲೌಡನ್ ಬರೆದರು. ಅಂಗಡಿಗಳು ಆಲ್ಬಮ್ಮನ್ನು ವಾಪಸು ಕಳಿಸಿದವು. ತಂಡ ಒಡೆಯಿತು. ಶಾಲೆಯ ಬಸ್ಸು ಓಡಿಸಿಕೊಂಡಿದ್ದ ರೊಂಡಾ ಉಬ್ಬಸದಲ್ಲೇ ತೀರಿಕೊಂಡರು. ಪೆಟ್‌ವೇ ಪಾಠಕ್ಕೆ ನಿಂತರು. ಸ್ವಂತ ಧ್ವನಿಮುದ್ರಣ ಯಂತ್ರವಿಲ್ಲದ ವಿದ್ಯಾರ್ಥಿಗಳಿಗೆ ಮನೆಯ ಬೀಗದಕೈ ಕೊಟ್ಟು, ಒಲೆಯ ಮೇಲೆ ಅನ್ನ ಅವರೆಕಾಳು ಇಟ್ಟು ಹೋಗುತ್ತಿದ್ದರು. ಇತ್ತ ಹೊಸ ಪೀಳಿಗೆಯ ಗಾಯಕರು ಆ ಉಸಿರನ್ನೇ ಎತ್ತಿ ತಮ್ಮ ಹಾಡುಗಳಿಗೆ ಹಾಕಿಕೊಂಡರು. ತಿರಸ್ಕೃತವಾಗಿದ್ದ ಆಲ್ಬಮ್ ಮೇರುಕೃತಿಯಾಯಿತು. ಲೌಡನ್ ಅವರೂ, ಮೊದಲಿನಿಂದ ಬಲ್ಲವರಂತೆ, ಅದರ ಹೊಸ ಮುದ್ರಣದ ಹೊಣೆ ಹೊತ್ತು ಮುನ್ನುಡಿಯನ್ನೂ ಬರೆದರು. ಸಭೆಯಲ್ಲಿ ಆ ದಿನ ಹಾಕಿದ್ದು ಆ ಹೊಸ ಮುದ್ರಣದ್ದೇ ಮೊದಲ ಪ್ರತಿ. ಅದರಲ್ಲಿ ಉಸಿರಿರಲಿಲ್ಲ.

"ಗಲೀಜು ತೆಗೆಸಿದೀವಿ ಅಷ್ಟೆ, ಒಡೆಲ್," ಎಂದರು ಲೌಡನ್ ವೇದಿಕೆಯಿಂದ. "ಮಾತು ಎಷ್ಟು ಸ್ಪಷ್ಟ ಕೇಳುತ್ತೆ ನೋಡಿ."

"ಆವತ್ತು ಅವಳು ಉಸಿರಾಡಿದ್ದೇ ತಪ್ಪು ಅಂದ್ರಿ. ಇವತ್ತು ಉಸಿರು ನಿಲ್ಲಿಸಿ ಹೊಗಳ್ತೀರಾ? ನಾಚಿಕೆ ಆಗಲ್ವೇನ್ರೀ?"

"ಹೇಳಿ, ಮಿಸ್ಟರ್ ಪೆಟ್, ಬಿಡಬೇಡಿ!" ಹಿಂದಿನ ಸಾಲಿನಿಂದ ಹಳೆಯ ಶಿಷ್ಯೆಯೊಬ್ಬರು ಕೂಗಿದರು.

ಪೆಟ್‌ವೇ ಅವರು ನೂರು ವರ್ಷ ಬಾಳಲಿ, ಈ ಸಿಟ್ಟಿಗೆ ಮಾತ್ರ ನಿವೃತ್ತಿ ಬಾರದಿರಲಿ, ಇನ್ನೂ ಎಷ್ಟೋ ಕಿವಿಗಳನ್ನು ಅವರು ತೆರೆಸಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ.

ಲೌಡನ್ ಒಪ್ಪಿಗೆಪತ್ರವನ್ನೂ ಪೆನ್ನನ್ನೂ ಚಾಚಿದರು. "ನಿಮ್ಮ ಸಹಿ ಇಲ್ದೆ ಇದು ಹೊರಗೆ ಬರಲ್ಲ. ಬರೀ ಉಸಿರಿಗೆ ಇಷ್ಟು ಹಠ ಬೇಕಾ? ಹಾಕಿಬಿಡಿ."

"ಹಾಕಲ್ಲ," ಎಂದರು ಪೆಟ್‌ವೇ.